ಗಂಟಿಲ್ಲದ ರಾಗಿ ಮುದ್ದೆ, ಕರಗದ ಹಿತಕಿದ ಬೇಳೆ ಸಾರು: ಚಳಿಗಾಲದ ಊಟ ಮೊದಲಿಂದ ಕೊನೆಯವರೆಗೆ

ಧನುರ್ಮಾಸ ಶುರುವಾಗುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಒಡೆದ ಮುದ್ದೆ. ಒಳಗೆ ಬಿಳಿ ಹಿಟ್ಟಿನ ಗಂಟು ಕಾಣುವ ಮುದ್ದೆ. ಬೇಳೆಯೇ ಕಾಣದ, ತೊವ್ವೆಯಂತಾದ ಸಾರು. ಹೊಸೂರಿನ ಅಪಾರ್ಟ್‌ಮೆಂಟುಗಳಿಂದ, ಡೆಂಕಣಿಕೋಟೆ ಕಡೆಯ ನೆಂಟರಿಂದ, ಮದುವೆಯಾಗಿ ಬೇರೆ ಊರಿಗೆ ಹೋದ ನಮ್ಮ ಹುಡುಗಿಯರಿಂದ, ಎಲ್ಲರದ್ದೂ ಅದೇ ಪ್ರಶ್ನೆ: "ಅಕ್ಕ, ಎಲ್ಲಿ ತಪ್ಪಾಯ್ತು?"

ಉತ್ತರ ಹೆಚ್ಚು ಕಡಿಮೆ ಒಂದೇ. ಪದಾರ್ಥ ಸರಿಯಿರುತ್ತದೆ, ಕ್ರಮ ತಪ್ಪಿರುತ್ತದೆ. ಹಿಟ್ಟು ಬೇಯುವ ಮುಂಚೆ ತಿರುವಿರುತ್ತಾರೆ. ಬೇಳೆ ಬೇಯುವ ಮುಂಚೆ ಹುಳಿ ಹಾಕಿರುತ್ತಾರೆ. ಹಾಗಾಗಿ ಇಲ್ಲಿ ಯಾವುದರ ನಂತರ ಯಾವುದು ಅನ್ನುವುದನ್ನೇ ಜಾಸ್ತಿ ಹೇಳುತ್ತೇನೆ. ಅಳತೆಗೆ 200 ಮಿಲಿ ಲೋಟ ಇಟ್ಟುಕೊಂಡಿದ್ದೇನೆ. ಇದು ನಾಲ್ಕು ಜನರ ಊಟ.

ಮೊದಲು ಸಮಯದ ಲೆಕ್ಕ

ಮಧ್ಯಾಹ್ನದ ಊಟಕ್ಕಾದರೆ ಹಿಂದಿನ ರಾತ್ರಿಯೇ ಅವರೆಕಾಳು ನೆನೆಯಬೇಕು. ರಾತ್ರಿ ಊಟಕ್ಕಾದರೆ ಬೆಳಗ್ಗೆ ನೆನೆಹಾಕಿ. ಬೇಳೆ ಹಿತಕಲು, ಅಂದರೆ ನೆನೆದ ಕಾಳನ್ನು ಒತ್ತಿ ಸಿಪ್ಪೆ ಬಿಡಿಸಲು, ಒಬ್ಬರಿಗೆ ಒಂದು ಗಂಟೆ ಬೇಕು, ಇಬ್ಬರು ಕೂತರೆ ಅರ್ಧ ಗಂಟೆ. ಸಾರಿಗೆ ಮುಕ್ಕಾಲು ಗಂಟೆ, ಮುದ್ದೆಗೆ ಸುಮಾರು ಇಪ್ಪತ್ತೈದು ನಿಮಿಷ.

ಸಾರು ಪೂರ್ತಿ ಆದ ಮೇಲೆಯೇ ಮುದ್ದೆಗೆ ನೀರಿಡಿ. ಸಾರನ್ನು ಮತ್ತೆ ಬಿಸಿ ಮಾಡಬಹುದು, ಮುದ್ದೆಯನ್ನು ಆಗುವುದಿಲ್ಲ. ಚಳಿಯಲ್ಲಂತೂ ಹತ್ತು ನಿಮಿಷಕ್ಕೇ ಮೇಲೆ ಸಿಪ್ಪೆ ಕಟ್ಟಿ ಗಟ್ಟಿಯಾಗುತ್ತದೆ.

ಬೇಕಾದ ಸಾಮಾನು

ಮುದ್ದೆಗೆ ತಳ ದಪ್ಪ ಇರುವ, ಅಗಲ ಕಡಿಮೆ, ಆಳ ಜಾಸ್ತಿ ಇರುವ ಪಾತ್ರೆ ಬೇಕು. ಅಗಲ ಪಾತ್ರೆಯಲ್ಲಿ ಹಿಟ್ಟು ಹರಡಿಕೊಳ್ಳುತ್ತದೆ, ಗುಡ್ಡೆ ನಿಲ್ಲುವುದಿಲ್ಲ. ನಾನ್‌ಸ್ಟಿಕ್ ಪಾತ್ರೆ ಬೇಡ. ಒತ್ತಿ ತಿರುವುವಾಗ ಅದರ ಮೇಲ್ಪದರ ಕಿತ್ತು ಬರುತ್ತದೆ.

ಮುದ್ದೆ ಕೋಲು ಸಂತೆಯಲ್ಲಿ ಸಿಗುತ್ತದೆ. ಸಿಗದಿದ್ದರೆ ಸಪೂರವಾದ, ಉದ್ದನೆಯ ಲಟ್ಟಣಿಗೆ ಆಗುತ್ತದೆ. ಸೌಟು ಮಾತ್ರ ಸಾಲದು. ಅದು ಹಿಟ್ಟನ್ನು ತಳ್ಳುತ್ತದೆ, ಒತ್ತುವುದಿಲ್ಲ.

ಪಾತ್ರೆ ಅಲ್ಲಾಡದಂತೆ ಹಿಡಿಯಲು ಕವೆಗೋಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಇಕ್ಕಳ ಇರಲಿ. ಬಟ್ಟೆಯಲ್ಲಿ ಹಿಡಿಯುವವರು ಒಲೆ ಆರಿಸಿ, ಪಾತ್ರೆ ಕೆಳಗಿಟ್ಟ ಮೇಲೆ ಹಿಡಿಯಿರಿ. ಬಟ್ಟೆಯ ತುದಿ ಗ್ಯಾಸಿನ ಉರಿಗೆ ತಗಲುವುದು ಕಣ್ಣಿಗೆ ಬೀಳುವುದೇ ಇಲ್ಲ.

ಇವಲ್ಲದೆ ಒಂದು ಅಗಲ ತಟ್ಟೆ ಅಥವಾ ಮರದ ಮಣೆ, ಕೈ ಅದ್ದಲು ಬಟ್ಟಲಲ್ಲಿ ತಣ್ಣೀರು. ಅಷ್ಟೇ.

1. ಕಾಯಿ ಆರಿಸುವುದು

ನಮ್ಮ ಗಡಿ ಕಡೆ ಮೊದಲ ತಪ್ಪು ಮಾರ್ಕೆಟಿನಲ್ಲೇ ಆಗುತ್ತದೆ. ತಮಿಳಿನಲ್ಲಿ "ಅವರೈಕಾಯ್" ಅಂದರೆ ಪಲ್ಯಕ್ಕೆ ಹಾಕುವ ಚಪ್ಪಟೆ ಎಳೆಕಾಯಿ, ನಾವು ಚಪ್ಪರದವರೆ ಅನ್ನುವುದು. ನಮಗೆ ಬೇಕಾದ ಕಾಳಿನ ಅವರೆಗೆ ಅಲ್ಲಿ "ಮೊಚ್ಚೈ" ಅನ್ನುತ್ತಾರೆ. ಉಳವರ್ ಸಂದೈಯಲ್ಲಿ, ಅಂದರೆ ತಮಿಳುನಾಡಿನ ರೈತರ ಸಂತೆಯಲ್ಲಿ, ಹೆಸರು ಕೇಳಿ ಸುಮ್ನೆ ಚೀಲ ಚಾಚಬೇಡಿ, ಕಾಯಿ ನೋಡಿ ತೆಗೆದುಕೊಳ್ಳಿ.

ಕಾಯಿ ಮುಟ್ಟಿದರೆ ಕೈಗೆ ಸ್ವಲ್ಪ ಅಂಟಬೇಕು, ಬೆರಳು ಮೂಸಿದರೆ ಘಮ್ಮೆನ್ನಬೇಕು. ಅದೇ ಸೊಗಡು. ಹೆಬ್ಬಾಳ ಅವರೆಯಂಥ ತಳಿಗಳು ಹಗಲಿನ ಉದ್ದವನ್ನು ನೋಡದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ, ಹಾಗಾಗಿ ಈಗ ಬೇಸಿಗೆಯಲ್ಲೂ ಅವರೆ ಸಿಗುತ್ತದೆ. ಆದರೆ ಹಗಲು ಚಿಕ್ಕದಾದಾಗ ಹೂಬಿಟ್ಟು, ಮಂಜಿನಲ್ಲಿ ನೆಂದು ಬಂದ ನಾಟಿ ಅವರೆಯ ಸೊಗಡು ನನಗೆ ಅದರಲ್ಲಿ ಸಿಕ್ಕಿಲ್ಲ. ಈ ಸಾರಿಗೆ ಡಿಸೆಂಬರ್ ಮತ್ತು ಜನವರಿಯ ಕಾಯಿಯನ್ನೇ ಕಾಯುವುದು ಒಳ್ಳೆಯದು.

ಕಾಳು ತುಂಬಿ ಕಾಯಿ ಉಬ್ಬಿರಬೇಕು, ಆದರೆ ಹಸಿರಾಗಿರಬೇಕು. ಹಳದಿ ತಿರುಗಿದ ಕಾಯಿಯ ಕಾಳು ಬಲಿತಿರುತ್ತದೆ, ಸಿಪ್ಪೆ ಬಿಡುವುದಿಲ್ಲ. ತೀರಾ ಎಳೆಯದಾದರೆ ಹಿತಕುವಾಗಲೇ ಜಜ್ಜಿ ಹೋಗುತ್ತದೆ. ಸಣ್ಣ ತೂತು ಕಂಡರೆ ಒಳಗೆ ಹುಳು ಇದೆ ಅಂತಲೇ ಲೆಕ್ಕ. ಒಂದೂವರೆ ಕೆಜಿ ಕಾಯಿ ತನ್ನಿ. ಸುಲಿದು ಹಿತಕಿದ ಮೇಲೆ ಎರಡು ಲೋಟದಷ್ಟು ಬೇಳೆ ಸಿಗುತ್ತದೆ.

2. ನೆನೆಸಿ ಹಿತಕುವುದು

ಸುಲಿದ ಕಾಳನ್ನು ಒಮ್ಮೆ ತೊಳೆದು, ಮುಳುಗುವಷ್ಟಕ್ಕಿಂತ ಎರಡು ಬೆರಳು ಮೇಲೆ ನೀರು ಹಾಕಿ. ಆರರಿಂದ ಎಂಟು ಗಂಟೆ ಬಿಡಿ. ಸಿಪ್ಪೆ ಸಡಿಲವಾಗಿ ಅಲ್ಲಲ್ಲಿ ನಿರಿಗೆ ಕಟ್ಟಿದಂತೆ ಕಂಡರೆ ಆಯಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರಬೇಕು. ಬೇಳೆ ಮಡಿಲಿಗೆ ಹಾರದಂತೆ ಪಾತ್ರೆಯ ಕಡೆಗೆ ತಿರುಗಿಸಿ ಒತ್ತಿ.

ಆತುರಕ್ಕೆ ಕುದಿಯುವ ನೀರು ಸುರಿಯುವವರಿದ್ದಾರೆ. ನಾನೂ ಒಂದು ಸಲ ಮಾಡಿದ್ದೇನೆ. ಬೇಳೆಯ ಹೊರಭಾಗ ಅರ್ಧ ಬೆಂದುಬಿಡುತ್ತದೆ, ಹಿತಕಿದರೆ ಎರಡು ಹೋಳಾಗುತ್ತದೆ, ಸೊಗಡಿನಲ್ಲಿ ಒಂದಷ್ಟು ಆ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಟೈಮ್ ಇಲ್ಲದಿದ್ದರೆ ಹಿತಕುವುದನ್ನೇ ಬಿಟ್ಟು ಇಡೀ ಕಾಳಿನ ಸಾರು ಮಾಡಿ. ಅದೂ ಒಳ್ಳೆಯ ಸಾರೇ.

ನೆನೆದ ನೀರು ನೊರೆ ಬಂದು ಹುಳಿ ವಾಸನೆ ಹೊಡೆದರೆ ಜಾಸ್ತಿ ಹೊತ್ತಾಗಿದೆ ಎಂದರ್ಥ. ಚಳಿಯಲ್ಲಿ ಇದು ಅಪರೂಪ, ಆದರೆ ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟರೆ ಆಗುತ್ತದೆ. ಸಿಪ್ಪೆಯನ್ನು ಎಸೆಯಬೇಡಿ. ಬೀದಿಯಲ್ಲಿ ಹಸು ಇದ್ದರೆ ಅದಕ್ಕೆ ಹಾಕಿ, ಖುಷಿಯಿಂದ ತಿನ್ನುತ್ತದೆ.

3. ಬೇಳೆ ಬೇಯಿಸುವುದು

ಹಿತಕಿದ ಬೇಳೆಗೆ ಕುಕ್ಕರ್ ಬೇಡವೇ ಬೇಡ. ಒಂದು ವಿಷಲ್ ಬರುವಷ್ಟರಲ್ಲಿ ಕರಗಿ ಹೋಗುತ್ತದೆ. ನನಗೆ ಬರುವ ಫೋಟೋಗಳಲ್ಲಿ ಅರ್ಧ ಇದರದ್ದೇ.

ತೆರೆದ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಕುದಿಸಿ. ಚಿಟಿಕೆ ಅರಿಶಿನ ಹಾಕಿ, ಆಮೇಲೆ ಬೇಳೆ ಹಾಕಿ. ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ. ಹತ್ತರಿಂದ ಹದಿನೈದು ನಿಮಿಷ ಸಾಕು. ಎಂಟನೇ ನಿಮಿಷದಿಂದಲೇ ಒಂದೊಂದು ಬೇಳೆ ತೆಗೆದು ಹಿಚುಕಿ ನೋಡುತ್ತಿರಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಪುಡಿಯಾಗಬೇಕು, ಒತ್ತದಿದ್ದರೆ ಆಕಾರ ಹಾಗೇ ಉಳಿದಿರಬೇಕು. ಅಲ್ಲಿಗೆ ಒಲೆ ಆರಿಸಿ. ಮಸಾಲೆಯಲ್ಲಿ ಮತ್ತೆ ಹತ್ತು ನಿಮಿಷ ಕುದಿಯುವುದಿದೆ, ನೆನಪಿರಲಿ.

ಈ ಹಂತದಲ್ಲಿ ಟೊಮೆಟೊ, ಹುಣಸೆಹಣ್ಣು ಎರಡೂ ದೂರ ಇರಲಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗುವುದು ನಿಧಾನವಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲೂ ಹಾಗೇ. ನಿಮ್ಮ ಮನೆಯಲ್ಲಿ ಕಾಳು ಎಂದೂ ಸರಿಯಾಗಿ ಬೇಯುವುದಿಲ್ಲ ಅನ್ನಿಸಿದರೆ ಒಂದು ಸಲ ಕುಡಿಯುವ ಕ್ಯಾನ್ ನೀರಿನಲ್ಲಿ ಬೇಯಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಸೋಡಾ ಹಾಕುವ ಆಸೆ ಬೇಡ. ಬೇಳೆ ಬೇಗ ಬೇಯುತ್ತದೆ, ಆದರೆ ಲೋಳೆಯಾಗುತ್ತದೆ, ರುಚಿಯೂ ಕೆಡುತ್ತದೆ.

ಬೆಂದ ನೀರನ್ನು ಬಸಿಯಬೇಡಿ. ಸಾರಿನ ಘಮವೆಲ್ಲ ಅದರಲ್ಲೇ ಇರುವುದು.

4. ಮಸಾಲೆ ಮತ್ತು ಸಾರು

ರುಬ್ಬಲು: ಅರ್ಧ ಲೋಟ ತೆಂಗಿನ ತುರಿ, ಎರಡು ಚಮಚ ಧನಿಯ, ಆರು ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕಿದ್ದರೆ ಎರಡು ಗುಂಟೂರು ಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಅರ್ಧ ಈರುಳ್ಳಿ, ಒಂದು ಚಮಚ ಗಸಗಸೆ, ಒಂದು ಚಮಚ ಹುರಿಗಡಲೆ, ಒಂದು ತುಂಡು ಚಕ್ಕೆ, ಎರಡು ಲವಂಗ.

ಚಕ್ಕೆ ಲವಂಗ ಇಷ್ಟಕ್ಕೇ ನಿಲ್ಲಿಸಿ. ಇದು ಕುರ್ಮಾ ಅಲ್ಲ. ಮಸಾಲೆ ಜೋರಾದರೆ ಸೊಗಡು ಸತ್ತೇ ಹೋಗುತ್ತದೆ, ಆಮೇಲೆ ಅಷ್ಟು ಹೊತ್ತು ಕೂತು ಹಿತಕಿದ್ದು ಯಾಕೆ?

ಧನಿಯ, ಮೆಣಸಿನಕಾಯಿ, ಗಸಗಸೆ, ಚಕ್ಕೆ, ಲವಂಗವನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಗಸಗಸೆಯನ್ನು ಕೊನೆಯಲ್ಲಿ ಹಾಕಿ, ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಸೀದುಹೋಗುತ್ತದೆ. ಉಳಿದದ್ದನ್ನು ಹಸಿಯಾಗಿಯೇ ಸೇರಿಸಿ ನುಣ್ಣಗೆ ರುಬ್ಬಿ. ಗಸಗಸೆ ತರಿಯಾಗಿ ಉಳಿದರೆ ಸಾರು ಕೂಡಿಕೊಳ್ಳುವುದಿಲ್ಲ, ನೀರು ಬೇರೆ ಮಸಾಲೆ ಬೇರೆ ನಿಲ್ಲುತ್ತದೆ.

ಇನ್ನು ಒಗ್ಗರಣೆ. ಎರಡು ಚಮಚ ಎಣ್ಣೆಗೆ ಸಾಸಿವೆ, ಕರಿಬೇವು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಎರಡು ಟೊಮೆಟೊ ಹಾಕಿ ಪೂರ್ತಿ ಮೆತ್ತಗಾಗಲಿ. ರುಬ್ಬಿದ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಕೈಯಾಡಿಸಿ. ಐದಾರು ನಿಮಿಷ ಬೇಕು. ಇಲ್ಲಿ ಆತುರಪಟ್ಟರೆ ಸಾರಿಗೆ ಹಸಿ ಬೆಳ್ಳುಳ್ಳಿಯ ಕಟು ಉಳಿದುಬಿಡುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹೋಗದು.

ಈಗ ಬೇಳೆಯನ್ನು ಅದರ ನೀರಿನ ಸಮೇತ ಸುರಿಯಿರಿ. ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸೌಟನ್ನು ತಳದಿಂದ ಮೆಲ್ಲಗೆ ಎತ್ತಿ ಆಡಿಸಿ, ಗರಗರ ತಿರುಗಿಸಬೇಡಿ. ಮುದ್ದೆಗೆ ಸಾರು ತೀರಾ ಗಟ್ಟಿ ಇರಬಾರದು, ತುತ್ತು ಅದ್ದಿದರೆ ಅಂಟಿಕೊಂಡು ಬರುವಷ್ಟು ಇರಲಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಲೆಯ ಮೇಲೆ ಸ್ವಲ್ಪ ತೆಳ್ಳಗೇ ಇಳಿಸಿ. ಕೊತ್ತಂಬರಿ ಸೊಪ್ಪು ಕೊನೆಗೆ.

5. ರಾಗಿ ಹಿಟ್ಟನ್ನು ಪರೀಕ್ಷೆ ಮಾಡುವುದು

ಎಷ್ಟು ಸರಿಯಾಗಿ ಮಾಡಿದರೂ ಮುದ್ದೆ ಕೂಡುತ್ತಿಲ್ಲ ಅನ್ನುವವರು ಹಿಟ್ಟಿನ ಪ್ಯಾಕೆಟ್ ಓದಿ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಾದರೆ ಮುದ್ದೆ ಆಗುವುದೇ ಇಲ್ಲ. ರಾಗಿ ಮೊಳೆತಾಗ ಅದರಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹೆಚ್ಚುತ್ತದೆ. ಹಿಟ್ಟು ಬಿಸಿಯಾಗುವಾಗ ಅದು ಪಿಷ್ಟವನ್ನು ಒಡೆದು ತೆಳ್ಳಗೆ ಮಾಡುತ್ತದೆ. ಮಗುವಿಗೆ ತಿನ್ನಿಸುವ ರಾಗಿ ಸರಿಗೆ ಆ ಗುಣವೇ ಬೇಕು, ಮುದ್ದೆಗೆ ಅದೇ ಶತ್ರು.

ಹಳೆಯ ಹಿಟ್ಟೂ ತೊಂದರೆ ಕೊಡುತ್ತದೆ. ಚಿಟಿಕೆ ಬಾಯಿಗೆ ಹಾಕಿ ನೋಡಿ, ಕಹಿ ಬಂದರೆ ಬೇಡ. ಮಿಲ್ಲಿನಲ್ಲಿ ಬೀಸಿಸಿ ತಂದ ಹಿಟ್ಟು ಬಿಸಿಯಾಗಿರುತ್ತದೆ. ಪೇಪರಿನ ಮೇಲೆ ಹರಡಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಒಳಗೇ ಬೆವರಿ ಗಂಟು ಕಟ್ಟುತ್ತದೆ. ಹಾಗೆ ಗಂಟಾದ ಹಿಟ್ಟನ್ನು ಜರಡಿ ಹಿಡಿಯದೆ ಎಸರಿಗೆ ಹಾಕಬಾರದು.

6. ಎಸರು

ಮೊದಲ ಸಲ ಮಾಡುವವರು ಎರಡು ಲೋಟ ಹಿಟ್ಟಿನಿಂದ ಶುರು ಮಾಡಿ. ನಾಲ್ಕು ಸಾಧಾರಣ ಮುದ್ದೆ ಬರುತ್ತದೆ. ನೀರು ನಾಲ್ಕೂವರೆ ಲೋಟ. ಇದರಲ್ಲಿ ಅರ್ಧ ಲೋಟ ಆಮೇಲೆ ತೆಗೆದಿಡುವುದಕ್ಕೆ.

ಎರಡು ಲೋಟದಲ್ಲೇ ಒಂದು ದೊಡ್ಡ ಚಮಚ ಹಿಟ್ಟು ತೆಗೆದು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಪಾತ್ರೆಯ ನೀರು ಬೆಚ್ಚಗಾದಾಗಲೇ, ಅಂದರೆ ಕುದಿಯುವ ಮುಂಚೆಯೇ, ಇದನ್ನು ಸುರಿದು ಕೈಯಾಡಿಸುತ್ತಾ ಕುದಿಸಿ. ಕುದಿಯುವ ನೀರಿಗೆ ಸುರಿದರೆ ಇಲ್ಲೇ ಗಂಟು ಶುರು. ಸ್ವಲ್ಪ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ.

ಎಸರು ಗಂಜಿಯಂತೆ ಆಗಿ ಬುಳುಬುಳು ಕುದಿಯಲು ಶುರುವಾದಾಗ ಅರ್ಧ ಲೋಟ ಎಸರನ್ನು ಬೇರೆ ಬಟ್ಟಲಿಗೆ ತೆಗೆದಿಡಿ. ಇದನ್ನು ಮರೆಯಬೇಡಿ. ಮುದ್ದೆ ಗಟ್ಟಿಯಾದರೆ ಕೈಹಿಡಿಯುವುದು ಇದೊಂದೇ.

7. ಹಿಟ್ಟು ಹಾಕಿ ಕೈಕಟ್ಟಿ ಕೂರುವುದು

ಎಲ್ಲರೂ ಎಡವುವ ಜಾಗ ಇದು. ಉರಿ ಸಣ್ಣ ಮಾಡಿ. ಉಳಿದ ಹಿಟ್ಟನ್ನೆಲ್ಲ ಒಂದೇ ಸಲ ನಡುವೆ ಗುಡ್ಡೆಯಾಗಿ ಸುರಿಯಿರಿ. ಕೋಲಿನಿಂದ ಗುಡ್ಡೆಯಲ್ಲಿ ತಳದವರೆಗೆ ಎರಡು ಮೂರು ತೂತು ಮಾಡಿ. ಆಮೇಲೆ ಮುಟ್ಟಬೇಡಿ.

ಮುಟ್ಟಿದರೆ ಏನಾಗುತ್ತದೆ? ಒಣ ಹಿಟ್ಟಿನ ಉಂಡೆ ಬಿಸಿ ನೀರಿಗೆ ಬಿದ್ದ ತಕ್ಷಣ ಅದರ ಹೊರಪದರ ಬೆಂದು ಅಂಟಿನಂತಾಗುತ್ತದೆ. ಆ ಪದರ ದಾಟಿ ನೀರು ಒಳಗೆ ಹೋಗುವುದಿಲ್ಲ. ಒಳಗಿನ ಹಿಟ್ಟು ಹಸಿಯಾಗೇ ಉಳಿಯುತ್ತದೆ. ಅದೇ ಗಂಟು. ಗುಡ್ಡೆಯನ್ನು ಹಾಗೇ ಬಿಟ್ಟರೆ ಎಸರು ಅಂಚಿನಿಂದ ಹತ್ತಿ, ತೂತುಗಳಿಂದ ಉಕ್ಕಿ, ಹಬೆಯಲ್ಲಿ ಹಿಟ್ಟೆಲ್ಲ ನೆನೆದು ಬೇಯುತ್ತದೆ.

ಮುಚ್ಚಳ ಸ್ವಲ್ಪ ಓರೆಯಾಗಿಟ್ಟು ಆರರಿಂದ ಎಂಟು ನಿಮಿಷ ಕಾಯಿರಿ. ಗುಡ್ಡೆಯ ಬೂದಿ ಬಣ್ಣ ಹೋಗಿ ಮೇಲೆಲ್ಲ ಕಂದು ತೇವ ಹರಡಬೇಕು. ಎಸರು ತೂತಿನಿಂದ ಉಕ್ಕದೆ ನಿಂತಿದ್ದರೆ ಉರಿ ಕಡಿಮೆಯಾಗಿದೆ. ಸೀದ ವಾಸನೆ ಬಂದರೆ ಜಾಸ್ತಿಯಾಗಿದೆ. ತಳ ಸ್ವಲ್ಪ ಹತ್ತುವುದು ಸಹಜ, ಅದಕ್ಕೆ ಗಾಬರಿ ಬೇಡ.

ಎಚ್ಚರ: ಈ ಹೊತ್ತಿನಲ್ಲಿ ಎಸರು ಸಿಡಿಯುತ್ತದೆ. ನೀರಿನಂತೆ ಜಾರಿ ಹೋಗದೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಸುಟ್ಟರೆ ಹಿಟ್ಟು, ಪೇಸ್ಟು ಹಚ್ಚದೆ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಬೊಬ್ಬೆ ದೊಡ್ಡದಾದರೆ ಡಾಕ್ಟರಿಗೆ ತೋರಿಸಿ.

8. ತಿರುವುವುದು

ಒಲೆ ಆರಿಸಿ ಪಾತ್ರೆಯನ್ನು ನೆಲಕ್ಕಿಳಿಸಿ. ಅಡುಗೆ ಕಟ್ಟೆಯ ಮೇಲಿಟ್ಟು ನಿಂತು ತಿರುವಿದರೆ ಮೈಭಾರ ಕೋಲಿಗೆ ಬೀಳುವುದಿಲ್ಲ, ತೋಳಷ್ಟೇ ನೋಯುತ್ತದೆ. ಕೂತು, ಕವೆಗೋಲಿನಲ್ಲಿ ಪಾತ್ರೆ ಒತ್ತಿ ಹಿಡಿದು, ಕೋಲನ್ನು ನಡುವಿನಿಂದ ಅಂಚಿಗೆ ಒತ್ತಿ ತನ್ನಿ. ಮೊದಲ ಹತ್ತು ಹದಿನೈದು ಸಲ ಬರೀ ಒತ್ತುವುದೇ. ಗಂಟನ್ನು ಪಾತ್ರೆಯ ಗೋಡೆಗೆ ಒತ್ತಿ ಅರೆಯಬೇಕು. ಆಮೇಲೆ ಸುತ್ತ ತಿರುವಿ. ನಮ್ಮ ದೊಡ್ಡಮ್ಮ ಕಲಿಸುವಾಗ ನನ್ನ ಕೈ ನೋಡುತ್ತಿರಲಿಲ್ಲ, ಕೋಲಿನ ಶಬ್ದ ಕೇಳುತ್ತಿದ್ದರು. ಹಸಿ ಇದ್ದಾಗ ಪಚಪಚ ಅನ್ನುತ್ತದೆ. ಕೂಡಿಕೊಂಡ ಮೇಲೆ ಶಬ್ದ ಭಾರವಾಗಿ ನಿಂತುಹೋಗುತ್ತದೆ.

ಗಟ್ಟಿ ಅನ್ನಿಸಿದರೆ ತೆಗೆದಿಟ್ಟ ಎಸರನ್ನು ಒಂದೊಂದೇ ಚಮಚ ಹಾಕಿ. ತಣ್ಣೀರು ಮಾತ್ರ ಬೇಡ, ಹಾಕಿದರೆ ಮುದ್ದೆ ಜಾರುತ್ತದೆ, ಕೂಡುವುದಿಲ್ಲ. ತೆಳ್ಳಗಾಯಿತು ಅಂತ ಮೇಲೆ ಹಸಿ ಹಿಟ್ಟು ಉದುರಿಸುವುದು ಇನ್ನೂ ದೊಡ್ಡ ತಪ್ಪು. ಆ ಹಿಟ್ಟು ಬೇಯಲು ಅಲ್ಲಿ ನೀರೂ ಇಲ್ಲ, ಸಮಯವೂ ಇಲ್ಲ. ಬದಲಿಗೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ತಿರುವುತ್ತಾ ನೀರು ಇಂಗಿಸಿ.

ಎಲ್ಲ ಕೂಡಿದ ಮೇಲೆ ಮತ್ತೆ ಸಣ್ಣ ಉರಿಗೆ ಇಡಿ. ಸುತ್ತ ಎರಡು ಚಮಚ ಬಿಸಿ ಎಸರು ಚಿಮುಕಿಸಿ, ಮುಚ್ಚಿ, ಮೂರು ನಾಲ್ಕು ನಿಮಿಷ ಹಬೆಯಲ್ಲಿ ಬಿಡಿ. ಇಳಿಸಿ ಇನ್ನೊಂದು ಸಲ ತಿರುವಿ. ಈ ಎರಡನೇ ಹಬೆ ಬಿಟ್ಟರೆ ಮುದ್ದೆ ನೋಡಲು ಚೆನ್ನಾಗಿದ್ದರೂ ತಿನ್ನುವಾಗ ಹಸಿ ಹಿಟ್ಟಿನ ವಾಸನೆ ಬರುತ್ತದೆ.

ಬೆರಳನ್ನು ನೀರಿಗೆ ಅದ್ದಿ ತಟಕ್ಕನೆ ಮುಟ್ಟಿ ನೋಡಿ. ಬೆರಳಿಗೆ ಅಂಟದೆ, ಮೇಲ್ಮೈ ಹೊಳೆಯುತ್ತಿದ್ದರೆ ಬೆಂದಿದೆ. ಅಂಟಿದರೆ ಇನ್ನೆರಡು ನಿಮಿಷ ಹಬೆ ಕೊಡಿ.

9. ಮುದ್ದೆ ಕಟ್ಟುವುದು

ತಟ್ಟೆಗೆ ನೀರು ಸವರಿ ಒಂದು ಮುದ್ದೆಯಷ್ಟು ಹಾಕಿ. ಕೈ ತಣ್ಣೀರಿಗೆ ಅದ್ದಿ, ಬಿಸಿಯಿರುವಾಗಲೇ ಮಡಚಿ ನಾದಿ, ಉರುಳಿಸಿ. ಉಳಿದದ್ದನ್ನು ಪಾತ್ರೆಯಲ್ಲೇ ಮುಚ್ಚಿಡಿ. ಕೈಗೆ ನೀರು ಜಾಸ್ತಿಯಾದರೆ ಮಡಿಕೆಗಳ ನಡುವೆ ನೀರು ಕೂತು, ತಟ್ಟೆಯಲ್ಲಿ ಇಟ್ಟ ಮೇಲೆ ಪದರ ಬಿಡುತ್ತದೆ.

ಮುದ್ದೆ ಒಡೆಯುತ್ತಿದ್ದರೆ ಬಹುಪಾಲು ಸಲ ಅದು ಬೆಂದಿಲ್ಲ. ಗೋಧಿ ಹಿಟ್ಟಿನ ಹಾಗೆ ರಾಗಿಗೆ ಎಳೆದು ಹಿಡಿಯುವ ಜಿಗುಟು ಇಲ್ಲ. ಅದನ್ನು ಹಿಡಿದಿಡುವುದು ಬೆಂದ ಪಿಷ್ಟ ಮಾತ್ರ. ಅಲ್ಲದೆ ಆರಿದ ಮೇಲೆ ಕಟ್ಟಿದರೂ ಬಿರುಕು ಬಿಡುತ್ತದೆ. ಹಾಗಾಗಿ ಮನೆಯವರನ್ನು ಊಟಕ್ಕೆ ಕೂರಿಸಿ ಆಮೇಲೆ ಕಟ್ಟಿ, "ಬರ್ತೀನಿ ಇರು" ಅನ್ನುವವರಿಗೆ ಕಾಯಬೇಡಿ.

ಕೈಯಲ್ಲಿ ಬಲ ಇಲ್ಲದವರು, ಮೊದಲ ಸಲದವರು ಎಸರು ಕುದಿಯುವಾಗ ಒಂದು ಹಿಡಿ ಮೆತ್ತಗಿನ ಅನ್ನ ಹಾಕಿಕೊಳ್ಳಿ. ಮುದ್ದೆ ಮೆತ್ತಗಿರುತ್ತದೆ, ಸಣ್ಣ ತಪ್ಪುಗಳು ಮುಚ್ಚಿಹೋಗುತ್ತವೆ. ಪಕ್ಕದ ತೆಲುಗು ಮನೆಗಳ ಮುದ್ದೆಯಾದ ಸಂಗಟಿಯಲ್ಲಿ ಅಕ್ಕಿ ಇದ್ದೇ ಇರುತ್ತದೆ, ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

10. ಉಳಿದರೆ

ಉಳಿದ ಮುದ್ದೆಯನ್ನು ಬಿಸಿ ಮಾಡಲು ಹೋಗಬೇಡಿ. ರಾತ್ರಿ ಮುಳುಗುವಷ್ಟು ನೀರಿನಲ್ಲಿ ಹಾಕಿಡಿ. ಬೆಳಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿದರೆ ಅಂಬಲಿ. ಚಳಿಗೆ ತಣ್ಣಗೆ ಬೇಡ ಅನ್ನುವವರು ಮಜ್ಜಿಗೆ ಹಾಕುವ ಮುಂಚೆ ಒಂದು ಕುದಿ ಕುದಿಸಿ.

ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ಮಲಗುವ ಮುಂಚೆ ಒಮ್ಮೆ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ತೆಂಗಿನಕಾಯಿ ರುಬ್ಬಿ ಹಾಕಿದ ಸಾರು, ಹೊರಗಿಟ್ಟರೆ ನಮ್ಮ ತಳಿ ಊರಿನ ಕಡೆಯ ಚಳಿಯಲ್ಲೂ ಹಳಸುವ ಭಯ ಇದೆ. ಬೆಳಗ್ಗೆ ಸ್ವಲ್ಪ ಬಿಸಿ ನೀರು ಬೆರೆಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಅಕ್ಕಿ ರೊಟ್ಟಿಗೆ ಅಥವಾ ದೋಸೆಗೆ ಹಾಕಿಕೊಳ್ಳಿ. ಬೇಳೆ ಆಗ ಮೆತ್ತಗಾಗಿರುತ್ತದೆ, ಸೌಟು ಮೆಲ್ಲಗೆ ಆಡಿಸಿ.